ಒಳಗಿನ ಕೊಡಕ್ಕೊಂದು ಸಿಂಬೆ

ಪಟ್ಟಿ ಕಟ್ಟಿಕೊಂಡ ಇಮ್ತಿಯಾಜ್ ಕಿಟಕಿಯವರೆಗೆ ಎದೆಯುಬ್ಬಿಸಿಕೊಂಡೇ ನಡೆದ. ತಿರುಗಿ ಬರುವಾಗ ಮೇಜಿನ ಅಂಚು ಹಿಡಿದುಕೊಂಡ. ಆಮೇಲೆ ಯಾರನ್ನೂ ಕೇಳದೆ ಡಾಕ್ಟರ್ ವೃಂದಾ ದೇಸಾಯಿಯವರ ಕುರ್ಚಿಯಲ್ಲೇ ಕುಕ್ಕರಿಸಿಬಿಟ್ಟ.

"ಬಿಚ್ರಿ ಇದನ್ನ," ಎಂದ. "ಏನ್ರಿ ಮೇಡಂ ಇದು? ಒಳಗಿಂದ ಯಾರೋ ಕೆಳಗ ಜಗ್ಗಾಕತ್ತಂಗ ಐತಲ್ರಿ. ಎಲ್ಲಾ ಕಳಚಿ ಬೀಳ್ತೈತಿ ಅನಸ್ತೈತಿ."

"ಬೀಳೂದಿಲ್ಲ. ನಿನ್ನೊಳಗ ಬೀಳ್ಲಿಕ್ಕೆ ಏನೂ ಇಲ್ಲ," ಎಂದರು ದೇಸಾಯಿ. "ಅದು ನಿಂದಲ್ಲೋ ಮಾರಾಯಾ. ಆಚೀ ಖೋಲ್ಯಾಗ ಕಾಶಿಬಾಯಿ ನಿಂತಾರಲ್ಲ, ಅವರದು. ಅದನ್ನ ಹೊತಗೊಂಡು ಅವರು ದಿನಾ ಬಸ್ ಸ್ಟ್ಯಾಂಡ್ ಕಸಾ ಹೊಡೀತಾರ."

ಇಮ್ತಿಯಾಜ್ ಕುರ್ಚಿಯಿಂದ ಎದ್ದ. ಪಟ್ಟಿ ಬಿಚ್ಚಿಟ್ಟು ವರಾಂಡಕ್ಕೆ ಹೋಗಿ ತನ್ನ ತಾಯಿಗೆ ಫೋನ್ ಮಾಡಿದ. ಏನು ಹೇಳಬೇಕೆಂದು ತಿಳಿಯದೆ, ಊಟವಾಯಿತೇ ಎಂದು ಕೇಳಿದ. ಸ್ವಲ್ಪ ಹೊತ್ತು ಬಿಟ್ಟು ಅದನ್ನೇ ಮತ್ತೆ ಕೇಳಿದ. ಒಳಗೆ ಎಲ್ಲರೂ ನಕ್ಕರು. ಕಂಪ್ಯೂಟರಿನ ಪರದೆಯ ಮುಂದೆ ಕುಳಿತಿದ್ದ, ಎಲ್ಲರೂ ನೀಲಾ ಎಂದೇ ಕರೆಯುವ ನೀಲಾಂಬಿಕಾ ಕೂಡ ನಕ್ಕಳು. ಇತ್ತೀಚೆಗೆ ಅವಳು ಉಳಿದವರ ಮುಖ ನೋಡಿಕೊಂಡು ನಗುವುದನ್ನು ರೂಢಿಸಿಕೊಂಡಿದ್ದಳು.

ಒಬ್ಬರ ಮೈಯೊಳಗಿನ ಭಾರವನ್ನು ಇನ್ನೊಬ್ಬರು ತಮ್ಮ ಮೈಯಲ್ಲೇ ಅನುಭವಿಸುವಂತಾದರೆ? ಧಾರವಾಡದ ಆ ಚಿಕ್ಕ ಪ್ರಯೋಗಾಲಯ ಹುಟ್ಟಿದ್ದು ಇದೊಂದು ಪ್ರಶ್ನೆಯಿಂದ. ದೇಸಾಯಿ ಹೆಂಗಸರ ಡಾಕ್ಟರು. ಅವರ ಮುಂದೆ ಬಂದು ಕುಳಿತವರು "ನಡಾ ನೋಯ್ತೈತ್ರಿ" ಎನ್ನುತ್ತಿದ್ದರು, ಅಷ್ಟಕ್ಕೆ ನಿಲ್ಲಿಸುತ್ತಿದ್ದರು. ನಡುವಿನಿಂದ ಕೆಳಗಿನ ಮಾತು ಯಾರ ಬಾಯಿಗೂ ಬರುತ್ತಿರಲಿಲ್ಲ. ಗರ್ಭಕೋಶ ಜಾರಿ ಕೆಳಗಿಳಿದಿದೆ ಎಂಬುದನ್ನು ಗಂಡನಿಗೆ ಹೇಳಿರುವುದಿಲ್ಲ, ಮಗಳಿಗೂ ಹೇಳಿರುವುದಿಲ್ಲ. ಕೆಮ್ಮು ಬಂದರೆ ಕಾಲು ಜೋಡಿಸಿಕೊಂಡು, ಸಂತೆಗೆ ಹೋದರೆ ಕುಳಿತುಕೊಳ್ಳಲು ಜಾಗ ಹುಡುಕುತ್ತಾ ಕಾಲ ಹಾಕುತ್ತಿದ್ದರು. ಅವರು ಹೇಳದಿದ್ದರೆ ಹೋಗಲಿ, ಅವರ ಮೈಯೇ ಹೇಳಲಿ ಎಂದು ದೇಸಾಯಿ ಹಟ ಹಿಡಿದರು. ಎಂಜಿನಿಯರುಗಳಾದ ನೀಲಾ ಮತ್ತು ಇಮ್ತಿಯಾಜ್ ಸೇರಿ ಜೋಡಿಪಟ್ಟಿ ಮಾಡಿದರು.

ಜೋಡಿಯಲ್ಲಿ ಒಂದು ಕೊಡುವ ಪಟ್ಟಿ, ಇನ್ನೊಂದು ಪಡೆಯುವ ಪಟ್ಟಿ. ಎರಡೂ ಹೊಕ್ಕುಳಿಂದ ತೊಡೆಯ ಬುಡದವರೆಗೆ ಬರುವ ಮೆತ್ತನೆಯ ಬಟ್ಟೆ. ಕೊಡುವ ಪಟ್ಟಿಯ ಎಳೆಗಳು ಕಿವಿಗೆ ಕೇಳದಂಥ ಸದ್ದನ್ನು ಮೈಯೊಳಗೆ ಕಳಿಸಿ, ಅದರ ಮಾರ್ದನಿಯಿಂದ ಒಳಗಿನದೆಲ್ಲ ಎಲ್ಲಿದೆ, ಯಾವ ಕಡೆ ಒತ್ತುತ್ತಿದೆ ಎಂದು ತಿಳಿಯುತ್ತಿದ್ದವು. ಪಡೆಯುವ ಪಟ್ಟಿಯ ಎಳೆಗಳು ಕರೆಂಟು ಹರಿದರೆ ಕುಗ್ಗುವಂಥವು. ಅಲ್ಲಿ ಒತ್ತಿದ್ದನ್ನು ಇಲ್ಲಿ ಒತ್ತಿ, ಅಲ್ಲಿ ಎಳೆದದ್ದನ್ನು ಇಲ್ಲಿ ಎಳೆದು ತೋರಿಸುತ್ತಿದ್ದವು. ನಡುವೆ ಇದ್ದ ಕಂಪ್ಯೂಟರು ಕೆಳಮುಖವಾಗಿ ಬೀಳುವ ಒತ್ತಡವನ್ನು ಲೆಕ್ಕ ಹಾಕಿ ಪರದೆಯ ಮೇಲೆ ಒಂದು ಅಂಕಿ ಬರೆಯುತ್ತಿತ್ತು. ಅಂಕಿ ಇಳಿದರೆ ಒಳ್ಳೆಯದು.

ಅಂಕಿ ಇಳಿಸುವುದಕ್ಕೆ ದೇಸಾಯಿ ಕಲಿಸುತ್ತಿದ್ದುದು ನಿಲ್ಲುವುದನ್ನು. ದಣಿದ ಹೆಂಗಸು ನಿಲ್ಲುವ ರೀತಿ ಅವರಿಗೆ ಬಾಯಿಪಾಠವಾಗಿತ್ತು: ಸೊಂಟ ಮುಂದಕ್ಕೆ ಜಾರಿರುತ್ತದೆ, ಎದೆ ಹಿಂದಕ್ಕೆ ವಾಲಿ ಕುಸಿದಿರುತ್ತದೆ, ಬೆನ್ನಿನ ಕೆಳಭಾಗದಲ್ಲಿ ಇರಬೇಕಾದ ಕುಳಿ ಸಪಾಟಾಗಿರುತ್ತದೆ. ಅದನ್ನು ಅವರೇ ನಿಂತು ತೋರಿಸಿದರೆ ಬಂದವರೆಲ್ಲ ತಮ್ಮನ್ನೇ ಕಂಡಂತಾಗಿ ಬಾಯಿಗೆ ಸೆರಗು ಹಿಡಿಯುತ್ತಿದ್ದರು.

"ಕೊಡಾ ಹೊತ್ತೀರಿಲ್ಲೋ ನೀವೆಲ್ಲ?" ಎಂದು ಕೇಳುತ್ತಿದ್ದರು ದೇಸಾಯಿ. "ಅಡಿಗೆ ಬಟ್ಟಿ ಸುತ್ತಿಟ್ಟ ಸಿಂಬಿ ಇಲ್ಲದ ಕೊಡಾ ನಿಂದರ್ತದೇನು? ನಿಮ್ಮ ಹೊಟ್ಟ್ಯಾಗೂ ಒಂದು ಸಿಂಬಿ ಅದ. ಇಲ್ಲೆ, ಮುಂದ, ಕಿಬ್ಬೊಟ್ಟಿ ತಳದಾಗ ಕೈಗೆ ಹತ್ತೋ ಎಲುಬು. ನಡದಾಗ ಕುಳಿ ಇಟ್ಟು ನಿಂತ್ರ ಆ ಎಲುಬು ಅಡಿಗೆ ಬರ್ತದ, ಕೊಡಾ ಅದರ ಮ್ಯಾಲೆ ಕೂಡ್ತದ. ಹಿಂಗ ಸೊಂಟಾ ಮುಂದ ಒಗದು ನಿಂತ್ರ ಸಿಂಬಿ ಎದ್ದು ಗ್ವಾಡಿ ಆಗ್ತದ. ಕೊಡಾ ಅದರ ಹಿಂದಿನ ಸಂದಿನ್ಯಾಗ ಕೆಳಗ ಜಾರ್ತದ."

ಆಮೇಲೆ, ಯಾವಾಗಲೂ, ಇನ್ನೊಂದು ಮಾತು ಸೇರಿಸುತ್ತಿದ್ದರು: "ನಿಲ್ಲೂದೊಂದೇ ಕಾರಣ ಅಲ್ಲ ಮತ್ತ. ಹಡದದ್ದು, ಭಾರಾ ಎತ್ತಿದ್ದು, ವಯಸ್ಸು, ಎಲ್ಲಾ ಕೂಡೇ ಆಗಿರ್ತದ. ಆದ್ರ ನಿಲ್ಲೂದು ನಮ್ಮ ಕೈಯಾಗಿಂದು."

ಮರುವಾರ ನೀಲಾ ತನ್ನ ಅತ್ತೆಯನ್ನು ಕರೆತಂದಳು.

ನಿಂಬೆವ್ವನನ್ನು ಕರೆತರುವುದು ಸುಲಭವಾಗಿರಲಿಲ್ಲ. ಅವಳು ಖಾನಾವಳಿ ನಡೆಸುವವಳು. ಮನೆಯ ಮುಂದಿನ ಪಡಸಾಲೆಯಲ್ಲಿ ಊಟದ ಪಂಕ್ತಿ, ಹಿಂದೆ ಅಡುಗೆಮನೆ. ಅವಳು ರೊಟ್ಟಿ ಬಡಿಯುವ ಕಟ್ಟೆಯನ್ನು ಕಟ್ಟಿಸಿದವನು ಮಗ ಪ್ರಭು, ನೀಲಾಳ ಗಂಡ. ನೆಲದಲ್ಲಿ ಹೊಗೆಯ ಮುಂದೆ ಕುಳಿತು ಅವ್ವ ಯಾಕೆ ಬೇಯಬೇಕು ಎಂದು ಕಡಪಾ ಕಲ್ಲು ಹಾಕಿಸಿ, ಗ್ಯಾಸಿನ ಒಲೆ ತಂದಿಟ್ಟಿದ್ದ. ಎತ್ತರವನ್ನು ಅಳೆದದ್ದು ತನ್ನ ಎತ್ತರಕ್ಕೆ. ಗಿಡ್ಡ ನಿಂಬೆವ್ವ ಕಟ್ಟೆಯ ಅಂಚಿಗೆ ಹೊಟ್ಟೆ ಆನಿಸಿ, ಸೊಂಟ ಮುಂದೆ ಒತ್ತಿ, ಎದೆ ಹಿಂದಕ್ಕೆ ಚೆಲ್ಲಿ ನಿಂತು ವರ್ಷಗಟ್ಟಲೆ ರೊಟ್ಟಿ ಬಡಿದಳು. ಪ್ರಭು ಬೈಪಾಸ್ ರಸ್ತೆಯ ಅಪಘಾತದಲ್ಲಿ ಹೋದ ಮೇಲೂ ಹಾಗೇ ನಿಂತಳು. ತವರಿಗೆ ಬಾ ಎಂದು ನೀಲಾಳ ಅಣ್ಣ ಕರೆಯಲು ಬಂದಾಗ ನಿಂಬೆವ್ವ ಅವನಿಗೊಂದು, ನೀಲಾಳಿಗೊಂದು ತಾಟು ಹಾಕಿದಳು. ನೀಲಾ ತನ್ನ ತಾಟನ್ನು ತಾನೇ ತೊಳೆದಿಟ್ಟು ಒಳಗೆ ಹೋದಳು. ಅಣ್ಣ ಒಬ್ಬನೇ ಹೋದ.

ಎರಡನೇ ಪಂಕ್ತಿ ಮುಗಿಯುವ ಹೊತ್ತಿಗೆ ನಿಂಬೆವ್ವ ಕಾಲಿಗೆ ಕಾಲು ಹೆಣೆದು ನಿಲ್ಲುವುದನ್ನು ನೀಲಾ ಗಮನಿಸಿದ್ದಳು. ಕೇಳಿದರೆ, "ನನಗೇನಾಗೈತಿ, ಗುಂಡಕಲ್ಲಿನಂಗ ಅದೀನಿ," ಎನ್ನುತ್ತಿದ್ದಳು. ಕೊನೆಗೆ ನೀಲಾ, ಪ್ರಯೋಗಕ್ಕೆ ಮಂದಿ ಸಾಲುತ್ತಿಲ್ಲ, ನನ್ನ ಮರ್ಯಾದೆ ಪ್ರಶ್ನೆ ಎಂದು ಸುಳ್ಳು ಹೇಳಿದಳು. ಸೊಸೆಯ ಮರ್ಯಾದೆ ಎಂದ ಮೇಲೆ ನಿಂಬೆವ್ವ ಇಳಕಲ್ ಸೀರೆ ಉಟ್ಟು ಹೊರಟೇಬಿಟ್ಟಳು.

ಪರೀಕ್ಷಿಸಿದ ದೇಸಾಯಿ ಹೊರಗೆ ಬಂದು ನೀಲಾಳ ಹೆಗಲ ಮೇಲೆ ಕೈಯಿಟ್ಟರು. "ಭಾಳ ಇಳದದ. ಎಷ್ಟು ವರ್ಷದ್ದೋ ಏನೋ. ಪಟ್ಟಿ ಕಟ್ಟಿ ನಿಲ್ಲೂದು ಕಲಸೋಣು. ಅಂಕಿ ಇಳದ್ರ ಛಲೋ. ಇಳೀಲಿಲ್ಲಂದ್ರ ಒಳಗ ಎತ್ತಿ ಹಿಡಿಯೋ ರಬ್ಬರ್ ರಿಂಗ್ ಇಡಬೇಕು, ಇಲ್ಲಾ ಆಪರೇಶನ್. ಹಂಗ ಬಿಟ್ರ ಉಚ್ಚಿ ಕಟ್ತದ, ಸೋಂಕು ಆಗ್ತದ, ಕಿಡ್ನಿಗೂ ತ್ರಾಸು."

ಅಂಕಿ ಇಳಿಯಿತು. ವಾರದಿಂದ ವಾರಕ್ಕೆ ಇಳಿಯಿತು. ನಿಂಬೆವ್ವನದಷ್ಟೇ ಅಲ್ಲ, ಕಾಶಿಬಾಯಿಯದು, ಗಿರಣಿಯವಳದು, ಶಾಲೆಯ ಅಡುಗೆಯವಳದು, ಬಂದವರೆಲ್ಲರದೂ ಇಳಿಯಿತು. ಇಮ್ತಿಯಾಜ್ ಮತ್ತೊಮ್ಮೆ ಧೈರ್ಯ ಮಾಡಿ ಕಾಶಿಬಾಯಿಯ ಜೋಡಿಗೆ ಪಡೆಯುವ ಪಟ್ಟಿ ಕಟ್ಟಿಕೊಂಡ. ಕಿಟಕಿಯವರೆಗೆ ಹೋಗಿ ಬಂದು, "ಹತ್ತಿ ಆಗೇತ್ರಿ, ಹತ್ತಿ!" ಎಂದು ಕುಣಿದ. ಮುಂದಿನ ಸಲಕ್ಕೆ ಎಲ್ಲರನ್ನೂ ಬಿಡುಗಡೆ ಮಾಡಿ, ಈ ಪಾಠವನ್ನು ಊರೂರಿನ ಆರೋಗ್ಯ ಕೇಂದ್ರಗಳಿಗೆ ಕಳಿಸುವುದೆಂದು ತೀರ್ಮಾನವಾಯಿತು.

ಆ ದಿನ ಮಧ್ಯಾಹ್ನ ನೀಲಾ ಮನೆಗೆ ಬೇಗ ಬಂದಳು. ಪಡಸಾಲೆಯಲ್ಲಿ ಪಂಕ್ತಿ ನಡೆದಿತ್ತು. ಅಡುಗೆಮನೆಯಲ್ಲಿ ನಿಂಬೆವ್ವ ಕಟ್ಟೆಗೆ ಆನಿಕೊಂಡು, ಒಂದು ಕೈಯಲ್ಲಿ ರೊಟ್ಟಿ ತಿರುವುತ್ತಾ, ಇನ್ನೊಂದು ಕೈಯನ್ನು ಸೀರೆಯ ಮೇಲಿಂದಲೇ ಕಿಬ್ಬೊಟ್ಟೆಗೆ ಒತ್ತಿ ಹಿಡಿದಿದ್ದಳು. ಸೊಸೆಯನ್ನು ಕಂಡು ಕೈ ತೆಗೆದಳು.

"ಯಾಕ ಅತ್ತಿ, ಮತ್ತ ಜಗ್ಗಾಕತ್ತೇತೇನು?"

"ಎಲ್ಲಿ ಜಗ್ಗತೈತಿ? ನಿಮ್ಮ ಮಶಿನ್ನೇ ಹೇಳೈತಲ್ಲ ಆರಾಮ ಅದೀನಿ ಅಂತ. ಕಾಶೀಬಾಯಿಗಿಂತ ನಂದು ಕಡಿಮಿ ಬಂದೈತಿ ಗೊತ್ತೇನು?"

"ಮಶಿನ್ ಬಿಡ್ರಿ. ನೀವು ಹೇಳ್ರಿ."

"ಅದನ್ನ ಮಾಡಿದಾಕಿ ನೀನು. ನೀನ ಅದನ್ನ ನಂಬೂದಿಲ್ಲಂದ್ರ ನಾ ಯಾರನ್ನ ನಂಬ್ಲಿ?" ನಿಂಬೆವ್ವ ಒಂದು ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಸವರಿ ಮುಂದೆ ಚಾಚಿದಳು. "ತಿನ್ನು. ಮಾರಿ ನೋಡು, ಒಣಗಿದ ಬದನಿಕಾಯಿ ಆಗೇತಿ."

ನೀಲಾ ತಿಂದಳು. ಬಿಸಿ ಎಂದು ಬೆರಳಿಗೆ ಗೊತ್ತಾಯಿತು, ಬೆಣ್ಣೆ ಎಂದು ಕಣ್ಣಿಗೆ ಗೊತ್ತಾಯಿತು. ಅದರಾಚೆ ಏನೂ ಒಳಗೆ ತಲುಪಲಿಲ್ಲ. ಪ್ರಭು ಹೋದಂದಿನಿಂದ ಹಾಗೇ. ಗಾಜಿನ ಆಚೆ ಯಾರೋ ಊಟ ಮಾಡುತ್ತಿದ್ದಾರೆ, ಯಾರೋ ಸ್ನಾನ ಮಾಡುತ್ತಿದ್ದಾರೆ, ಅವಳು ನೋಡುತ್ತಿದ್ದಾಳೆ. ಈಗ ಅವಳು ನೋಡಿದ್ದು ಅತ್ತೆಯ ಹಣೆಯ ಬೆವರು. ಅದು ಒಲೆಯ ಝಳದ ಬೆವರಲ್ಲ.

ಮರುದಿನ ಕಂಟ್ರೋಲ್ ರೂಮಿನಲ್ಲಿ ಅವಳು ಇದನ್ನು ಹೇಳಿದಾಗ ದೇಸಾಯಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನನಗೂ ಸಂಶಯ ಅದ ನೀಲಾ. ಎಲ್ಲಾರದೂ ಇಳೀತು ಅಂದ್ರ ಖುಷಿ ಆಗ್ಬೇಕಿತ್ತು. ಇಷ್ಟು ವರ್ಷದಾಗ ಹತ್ತು ಮಂದಿಗೆ ಔಷಧ ಕೊಟ್ರ ಹತ್ತೂ ಮಂದಿಗೆ ಹತ್ತಿದ್ದು ನಾ ಕಂಡಿಲ್ಲ. ಮಂದಿ ಸುಳ್ಳು ಹೇಳ್ತಾರ, ಖರೇ. ಮೈ ಸುಳ್ಳು ಹೇಳೂದಿಲ್ಲ. ಹಂಗಾರ ನಡುವ ಯಾರು ಸುಳ್ಳು ಹೇಳ್ಲಿಕತ್ತಾರ?"

"ನಡುವ ಇರೂದು ನಾವ ಬರ್ದ ಜರಡಿ," ಎಂದ ಇಮ್ತಿಯಾಜ್, ಕೆಟ್ಟ ಮುಖ ಮಾಡಿಕೊಂಡು.

ಜರಡಿ ಎಂದರೆ ಇದು. ಮೊಟ್ಟಮೊದಲು ಮಾಡಿದ ಜೋಡಿಪಟ್ಟಿ ಎಲ್ಲವನ್ನೂ ದಾಟಿಸುತ್ತಿತ್ತು: ಲಂಗದ ಲಾಡಿ ಬಿಗಿಯಾಗಿದ್ದರೆ ಅದನ್ನೂ, ಪಟ್ಟಿಯೇ ಬಿಗಿಯಾಗಿದ್ದರೆ ಅದನ್ನೂ. ಪಡೆದವರಿಗೆ ಭಾರಕ್ಕಿಂತ ಲಾಡಿಯೇ ಹೆಚ್ಚು ಕಾಡುತ್ತಿತ್ತು. ಅದಕ್ಕಾಗಿ ನೀಲಾ ಮತ್ತು ಇಮ್ತಿಯಾಜ್ ಲೆಕ್ಕಾಚಾರದಲ್ಲಿ ಒಂದು ಜರಡಿ ಇಟ್ಟಿದ್ದರು. ಏರುಪೇರಿಲ್ಲದೆ ಒಂದೇ ಸಮನಿರುವ ಬಿಗಿ ಮೈಯದಲ್ಲ, ಬಟ್ಟೆಯದು ಎಂದು ತಿಳಿದು ಕಂಪ್ಯೂಟರು ಅದನ್ನು ಕಳೆದುಬಿಡುತ್ತಿತ್ತು. ಉಳಿದದ್ದಷ್ಟೇ ಅಂಕಿಯಾಗುತ್ತಿತ್ತು, ಪಡೆಯುವ ಪಟ್ಟಿಗೂ ಹೋಗುತ್ತಿತ್ತು.

"ಆದ್ರ ಅದಕ್ಕ ಕಳೀಲಿಕ್ಕೆ ಅಂಥಾದ್ದೇನೈತಿ?" ಎಂದಳು ನೀಲಾ. "ಲಾಡಿ ಎಲ್ಲಾರಿಗೂ ಇದ್ದದ್ದ."

ಕಪಾಟಿನ ಮೇಲೆ ಧೂಳು ತಿನ್ನುತ್ತಿದ್ದ ಹಳೆಯ ಜೋಡಿಯನ್ನು ಇಮ್ತಿಯಾಜ್ ಕೆಳಗಿಳಿಸಿ ಕೊಟ್ಟ. ಅದರಲ್ಲಿ ಜರಡಿ ಇರಲಿಲ್ಲ, ಅಂಕಿಯೂ ಬರುತ್ತಿರಲಿಲ್ಲ. ಕೊಡುವವರು, ಪಡೆಯುವವರು, ಅಷ್ಟೇ.

ನಿಂಬೆವ್ವ ಮತ್ತೆ ಪ್ರಯೋಗಾಲಯಕ್ಕೆ ಬರುವುದಿಲ್ಲ ಎಂದಿದ್ದಳು. ಹಾಗಾಗಿ ನೀಲಾ ಪಟ್ಟಿಗಳನ್ನು ಚೀಲದಲ್ಲಿ ಹಾಕಿಕೊಂಡು ಮನೆಗೇ ತಂದಳು. ಕೊನೆಯ ಪಂಕ್ತಿ ಎದ್ದು, ತಾಟುಗಳೆಲ್ಲ ತೊಳೆದಾಗಿತ್ತು. ಹಿತ್ತಲ ಬಾಗಿಲಿನಿಂದ ಬಿಸಿಲು ಅಡುಗೆಮನೆಯ ನೆಲದವರೆಗೆ ಬಂದಿತ್ತು.

"ಇದ್ಯಾತರ ಆಟಾ?" ಎಂದಳು ನಿಂಬೆವ್ವ.

"ಒಂದ ಸಲ ಅತ್ತಿ. ನೀವು ಕೊಡ್ರಿ, ನಾ ಇಸಗೋತೀನಿ."

"ಏನ ಕೊಡ್ಲಿ? ಬಂಗಾರ ಕೊಟ್ರ ಇಸಗೊಂಡಾಕಿ ಅಲ್ಲ, ಈ ಮುದುಕಿ ಹೊಟ್ಟಿ ಇಸಗೋತಾಳಂತ!" ಎಂದು ಗೊಣಗುತ್ತಲೇ ನಿಂಬೆವ್ವ ಒಳಗೆ ಹೋಗಿ, ಬಾಗಿಲು ಮುಂದೆ ಮಾಡಿ, ಪಟ್ಟಿ ಕಟ್ಟಿಕೊಂಡು ಬಂದಳು. ರೂಢಿಯಂತೆ ಕಟ್ಟೆಯ ಅಂಚಿಗೆ ಆನಿಸಿ ನಿಂತಳು.

ನೀಲಾ ತನ್ನ ಪಟ್ಟಿಯ ಗುಂಡಿ ಒತ್ತಿದಳು.

ಮೊದಲು ಬಂದದ್ದು ಹಗ್ಗ. ಹೊಕ್ಕುಳಿನ ಸುತ್ತ, ಉಸಿರಾಡಲು ಬಿಡದಂತೆ, ಮೂರು ಸುತ್ತು ಸುತ್ತಿ ಬಿಗಿದ ಹಗ್ಗ. ಅದು ಲಾಡಿಯಲ್ಲ. ಲಾಡಿ ಇಷ್ಟು ಅಗಲವಿರುವುದಿಲ್ಲ. ಆ ಹಗ್ಗ ನಡುವಿಗೆ ಬಿದ್ದ ಗಂಟಿನಂತೆ ಒಳಗಿನದನ್ನೆಲ್ಲ ಎರಡು ಪಾಲು ಮಾಡಿ, ಕೆಳಗಿನ ಪಾಲನ್ನು ಕೆಳಕ್ಕೇ ದಬ್ಬುತ್ತಿತ್ತು. ಆಮೇಲೆ ಬಂತು ಭಾರ. ಕಾಲುಗಳ ನಡುವೆ, ತುಂಬಿದ ಕೊಡವೊಂದು ಸಿಂಬೆ ತಪ್ಪಿ, ಬಟ್ಟೆಯ ಜೋಳಿಗೆಯಲ್ಲಿ ತೂಗಿದಂತೆ. ಪ್ರತಿ ಉಸಿರಿಗೂ ಅದು ಒಂದಿಷ್ಟು ಜಾರುತ್ತಿತ್ತು, ಪ್ರತಿ ಉಸಿರಿಗೂ ಅದನ್ನು ಹಿಡಿಯಲು ತೊಡೆ ತಾನಾಗಿ ಬಿಗಿಯುತ್ತಿತ್ತು.

ನೀಲಾ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ನೋವಲ್ಲ, ನೋವಾಗಿದ್ದರೆ ಅವಳಿಗೆ ಗೊತ್ತಾಗುತ್ತಿತ್ತೋ ಇಲ್ಲವೋ. ಇದು ಭಾರ, ಬರೀ ಭಾರ. ಗಾಜಿನಾಚೆಯದಲ್ಲ. ಇಲ್ಲಿಯದು.

"ಯಾಕವಾ? ನೀಲಾ? ಕುಂದ್ರು, ಕುಂದ್ರು! ಹಾಳಾದ ಮಶಿನ್ನು, ಬಂದ್ ಮಾಡದನ್ನ!"

"ಅತ್ತಿ," ಎಂದಳು ನೀಲಾ, "ನಡಕ್ಕ ಏನ ಕಟ್ಟೀರಿ?"

"ಏನೂ ಇಲ್ಲಲ್ಲ."

"ಏನ ಕಟ್ಟೀರಿ?"

ನಿಂಬೆವ್ವ ಕಳ್ಳತನದಲ್ಲಿ ಸಿಕ್ಕ ಹುಡುಗಿಯಂತೆ ನೆಲ ನೋಡಿದಳು. "ಅರಿವಿ. ಬಾಣಂತ್ಯಾರಿಗೆ ಕಟ್ಟೂದಿಲ್ಲೇನು, ಹಂಗ. ಪ್ರಭು ಹುಟ್ಟಿದಾಗ ನಮ್ಮವ್ವ ಬಿಗದಿದ್ಲು. ಎಂಥಾ ಕೂಸದು, ಕುಂಬಳಕಾಯಿಯಂಗ! ಸೂಲಗಿತ್ತಿ ಎರಡೂ ಕೈಲೇ ಜಗ್ಗಿದ್ಲು. ಆವಾಗಿಂದ ಹಿಂಗ. ಬಿಗದ ಕಟ್ಟು, ಇಲ್ಲಾಂದ್ರ ಎಲ್ಲಾ ಜೋತ ಬೀಳ್ತೈತಿ ಅಂದಿದ್ಲು ನಮ್ಮವ್ವ. ಕಟ್ಟಿದ್ರ ಧೈರ್ಯ ಇರ್ತೈತಿ."

"ದಿನಾ?"

"ದಿನಾ ಎಲ್ಲಿ? ಮೊದ್ಲು ಆಗೀಗ. ಈಗ ದವಾಖಾನಿಗೆ ಹೋಗೂದು ಸುರು ಆದ ಮ್ಯಾಲೆ ದಿನಾ. ಅಷ್ಟು ಮಂದಿ ಡಾಕ್ಟರ ಮುಂದ ಹೊಟ್ಟಿ ಬಿಟಗೊಂಡು ನಿಂದ್ರೂದೇನು? ಅದಕ್ಕ ಅಲ್ಲಿ ಪಟ್ಟಿ ಕಟಗೊಳ್ಳೋ ಪರದೆ ಹಿಂದ..." ಅವಳು ನಿಲ್ಲಿಸಿದಳು.

"ಪರದೆ ಹಿಂದ?"

"ಅವರಿಗೂ ಕಟ್ಟಿದೆ."

"ಯಾರಿಗೆ?"

"ಎಲ್ಲಾರಿಗೂ." ನಿಂಬೆವ್ವನ ದನಿಯಲ್ಲಿ ಈಗ ಸಣ್ಣ ಹೆಮ್ಮೆಯೂ ಬಂತು. "ಪಾಪ, ಕಾಶೀಬಾಯಿಗೆ ತಾಯಿ ಇಲ್ಲ, ಹಡದಾಗ ಯಾರೂ ಕಟ್ಟಿಲ್ಲ ಆಕಿಗೆ. ಮೊದಲನೇ ದಿನ ನಾ ಬಿಗದ ಕೊಟ್ಟೆ. 'ಹಿತಾ ಅನಸ್ತೈತಿ ಯವ್ವಾ' ಅಂದ್ಲು. ಅಂಕಿ ಇಳೀತು. ಅದನ್ನ ಕಂಡು ಉಳದವ್ರೂ ಬಂದ್ರು. ನನ್ನ ಕಟ್ಟು ಭದ್ರ ಅಂತ ಸಾಲಾಗಿ ನಿಂದರ್ತಿದ್ರು. ನಿಮ್ಮ ಡಾಕ್ಟರಿಗೆ ಹೇಳಬ್ಯಾಡ, ಬೇಜಾರಾದಾರು."

ನೀಲಾ ನೆಲದ ಮೇಲೆ ಕುಳಿತಳು. ಇಡೀ ಪ್ರಯೋಗವನ್ನು ತನ್ನ ಅತ್ತೆ ಅಕ್ಕರೆಯಿಂದ, ಒಬ್ಬೊಬ್ಬರನ್ನಾಗಿ, ತನ್ನ ಕೈಯಾರೆ ಕಟ್ಟಿಹಾಕಿದ್ದಳು. ಬಿಗಿ ಒಂದೇ ಸಮನಿತ್ತು. ಜರಡಿ ಅದನ್ನು ಬಟ್ಟೆಯ ಲೆಕ್ಕಕ್ಕೆ ಕಳೆಯುತ್ತಿತ್ತು. ಆ ಬಿಗಿಯ ಕೆಳಗೆ ಒಳಗಿನದು ಒಂದೇ ಕಡೆ ಇರುಕಿ, ಅಲ್ಲಾಡಲು ಜಾಗವಿಲ್ಲದೆ ಸುಮ್ಮನಿತ್ತು; ಅಲ್ಲಾಡದಿದ್ದುದನ್ನು ಕಂಡು ಜರಡಿ ಅದನ್ನೂ ಕಳೆಯುತ್ತಿತ್ತು. ಭಾರ ಹೆಚ್ಚಿದಷ್ಟೂ ಅಂಕಿ ಕಡಿಮೆ. ಅವಳಿಗೆ ನಗು ಬಂತು. ಯಾರ ಮುಖವನ್ನೂ ನೋಡದೆ ಬಂದ ನಗು.

"ನಗತಾಳ ನೋಡು!" ಎಂದಳು ನಿಂಬೆವ್ವ, ಗಾಬರಿಯೂ ಸಂತೋಷವೂ ಬೆರೆತು.

"ಬಿಚ್ರಿ ಅತ್ತಿ ಅದನ್ನ. ಅದು ಎತ್ತೂದಿಲ್ಲ, ದಬ್ಬತೈತಿ. ನನಗ ಗೊತ್ತಾತು. ನನ್ನ ಹೊಟ್ಟ್ಯಾಗ ಗೊತ್ತಾತು."

"ನಮ್ಮವ್ವ ಕಟ್ಟಿದ್ದು..."

"ಅಜ್ಜಿಗೆ ಪ್ರೀತಿ ಇತ್ತು. ಪಟ್ಟಿ ಇರಲಿಲ್ಲ."

ನಿಂಬೆವ್ವ ಗೋಡೆಯ ಕಡೆ ತಿರುಗಿ, ಸೀರೆಯ ಒಳಗೆ ಕೈ ಹಾಕಿ ಗಂಟು ಸಡಿಲಿಸಿದಳು. ನೀಲಾಳ ನಡುವಿನ ಹಗ್ಗ ಒಂದೊಂದೇ ಸುತ್ತು ಬಿಟ್ಟಿತು. ಇಬ್ಬರೂ ಒಟ್ಟಿಗೇ ಉಸಿರು ಬಿಟ್ಟರು. ಅತ್ತೆಯ ಕೈಯಲ್ಲಿ ಉದ್ದಕ್ಕೆ ಜೋತ ಬಟ್ಟೆ ನೀಲಿ ಚೌಕಳಿಯದು, ತೊಳೆದೂ ತೊಳೆದೂ ಮೆತ್ತಗಾದದ್ದು. ಒಂದು ಮೂಲೆಯಲ್ಲಿ ಸೊಳ್ಳೆಬತ್ತಿ ತಾಗಿ ಸುಟ್ಟ ತೂತು.

ಆ ತೂತು ನೀಲಾಳಿಗೆ ಗೊತ್ತಿತ್ತು. ಅದು ಸುಟ್ಟ ದಿನ ಅವಳೇ ಬೈದಿದ್ದಳು. ಪ್ರಭು ಲುಂಗಿ ಎತ್ತಿ ತೂತಿನೊಳಗಿಂದ ಅವಳನ್ನು ನೋಡಿ, ನೀ ಇಲ್ಲಿಂದ ಇನ್ನೂ ಛಲೋ ಕಾಣ್ತಿ ಎಂದಿದ್ದ.

"ಅವನ ಅರಿವಿ ಎಲ್ಲಾ ಕೊಟ್ಟಬಿಟ್ಟಿದ್ರು," ಎಂದಳು ನಿಂಬೆವ್ವ. "ಇದೊಂದ ನಾ ಬಚ್ಚಿಟ್ಟೆ. ಅವನು ಇಳದು ಬಂದ ಜಾಗಾ ಅದು. ಅವನ ಅರಿವೀನ ಹಿಡೀಲಿ ಅಂದ್ಕೊಂಡೆ." ಆಮೇಲೆ ತನ್ನ ಮಾತಿಗೆ ತಾನೇ ನಾಚಿ, "ಹುಚ್ಚ ಮುದುಕಿ," ಎಂದಳು.

ನೀಲಾ ಬಟ್ಟೆಯ ತುದಿ ಹಿಡಿದುಕೊಂಡಳು. ಇನ್ನೊಂದು ತುದಿ ಬಿಡದೆ ಅತ್ತೆಯೂ ಪಕ್ಕದಲ್ಲಿ ನೆಲಕ್ಕೆ ಕುಳಿತಳು. ಬಿಸಿಲು ನೆಲದಿಂದ ಸರಿದು ಗೋಡೆ ಹತ್ತುವವರೆಗೆ ಇಬ್ಬರೂ ಹಾಗೇ ಕುಳಿತಿದ್ದರು.

ಮುಂದಿನ ಸಲ ಪರದೆಯ ಹಿಂದೆ ಕಟ್ಟುವ ಬದಲು ಬಿಚ್ಚುವ ಕೆಲಸ ನಡೆಯಿತು. ನಿಂಬೆವ್ವನೇ ಮುಂದೆ ನಿಂತು, "ಬಿಚ್ರಿ, ಬಿಚ್ರಿ, ನಂದೇ ತಪ್ಪು, ನಂದೇ ಕಟ್ಟು," ಎಂದು ಎಲ್ಲರನ್ನೂ ಬಿಡಿಸಿದಳು. ಪರದೆಯ ಈಚೆಗೆ ನಗೆ ಕೇಳುತ್ತಿತ್ತು. ಕಾಶಿಬಾಯಿ, "ನನಗ ಉಸಿರ ಬಂತವಾ, ಮದವ್ಯಾದ ಮ್ಯಾಲೆ ಇದ ಮೊದಲ!" ಎಂದು ಕೂಗಿದಳು. ಅಂಕಿಗಳು ಸರಸರ ಮೇಲೇರಿದವು. ಇಮ್ತಿಯಾಜ್ ತಲೆಯ ಮೇಲೆ ಕೈ ಹೊತ್ತು ಕುಳಿತ. ದೇಸಾಯಿ ಮಾತ್ರ ಆ ಕೆಟ್ಟ ಅಂಕಿಗಳನ್ನು ಮೊಮ್ಮಕ್ಕಳನ್ನು ನೋಡುವಂತೆ ನೋಡಿದರು.

"ಇವು ಖರೇ ಇದ್ದಾವ," ಎಂದರು. "ಇವುಗಳ ಜೋಡಿ ಕೆಲಸ ಮಾಡ್ಬಹುದು. ಇಮ್ತಿಯಾಜ್, ಅಳಬ್ಯಾಡ. ಜರಡಿ ತಗದ ಹಾಕು. ಊರೂರಿಗೆ ಕಳಿಸೋದು ತಡಾ ಆದ್ರ ಆಗ್ಲಿ. ಕಳಿಸೋ ಪಾಠದಾಗ ಮೊದಲನೇ ಮಾತು, ನಡಾ ಬಿಗೀಬ್ಯಾಡ್ರಿ ಅಂತ ಹಾಕೋಣು."

ನಿಂಬೆವ್ವನಿಗೆ ರಿಂಗ್ ಇಟ್ಟರು. ಎಲ್ಲವೂ ಮೊದಲಿನ ಜಾಗಕ್ಕೆ ಹೋಗಿ ಕೂರುವುದಿಲ್ಲ, ಇಷ್ಟು ವರ್ಷದ್ದು ಎಂದು ದೇಸಾಯಿ ಮುಚ್ಚುಮರೆಯಿಲ್ಲದೆ ಹೇಳಿದರು. ಆದರೆ ಇನ್ನಷ್ಟು ಇಳಿಯದಂತೆ ನೋಡಿಕೊಳ್ಳಬಹುದು. ಅದಕ್ಕೆ ಕಟ್ಟೆ ಬಿಡಬೇಕು. ಅಷ್ಟು ಹೇಳಿದ್ದೇ ತಡ, ನಿಂಬೆವ್ವ ಬುಸ್ಸೆಂದಳು.

"ಅದನ್ನ ನಮ್ಮ ಪ್ರಭು ಕಟ್ಟಿಸ್ಯಾನ."

"ಬಿಡೂದಂದ್ರ ಒಡೀಬೇಕಂತಲ್ಲ," ಎಂದರು ದೇಸಾಯಿ. "ರೊಟ್ಟಿ ಆರ್ಲಿಕ್ಕೆ ಹಾಕ್ರಿ ಅದರ ಮ್ಯಾಲೆ. ಬಡಿಯೂದು ನೆಲದ ಮ್ಯಾಲೆ. ಮೊದ್ಲ ಹಂಗ ಕೂಡ್ತಿದ್ರಿ, ಹಂಗ. ಆದ್ರ ಬರೀ ನೆಲದ ಮ್ಯಾಲೆ ಕೂತ್ರ ಸೊಂಟಾ ಹಿಂದ ಉರುಳ್ತದ, ಬೆನ್ನು ಗೂನಾಗ್ತದ. ಅಡಿಗೆ ಏನರೆ ಮಡಿಚಿ ಇಡ್ರಿ. ಕುಂಡಿ ಎತ್ತರಾದ್ರ ನಡದಾಗ ಕುಳಿ ತಾನ ಬರ್ತದ."

ಗ್ಯಾಸಿನ ಒಲೆಯನ್ನು ಇಮ್ತಿಯಾಜ್ ಬಂದು ನೆಲಕ್ಕೆ ಇಳಿಸಿಕೊಟ್ಟ. ನಿಂಬೆವ್ವ ಏನು ಮಡಿಚಿ ಇಡಬಹುದೆಂದು ಮನೆಯೆಲ್ಲ ಹುಡುಕಿ, ಕೊನೆಗೆ ಆ ನೀಲಿ ಚೌಕಳಿ ಲುಂಗಿಯನ್ನೇ ತಂದಳು. ದಪ್ಪಗೆ ಮಡಿಚಿ, ಅಡಿಗೆ ಹಾಕಿಕೊಂಡು, ಒಂದು ಮೊಣಕಾಲು ಎತ್ತಿ ಕುಳಿತು, ಮರದ ಕೊಣಮಿಗೆಯಲ್ಲಿ ಹಿಟ್ಟು ನಾದಿದಳು. ಹಳೆಯ ಜೋಡಿಪಟ್ಟಿ ಇಬ್ಬರ ನಡುವಿಗೂ ಇತ್ತು. ನೀಲಾ ಕಟ್ಟೆಗೆ ಆನಿಕೊಂಡು ಕಾದಳು. ಮೊದಲು ಏನೂ ಆಗಲಿಲ್ಲ. ಆಮೇಲೆ, ಅತ್ತೆ ಹಿಟ್ಟಿನ ಮೇಲೆ ಬಾಗಿ ಮೊದಲ ಪೆಟ್ಟು ಬಡಿದಾಗ, ಒಳಗಿನ ಭಾರ ಹಿಂದಿನಿಂದ ಮುಂದಕ್ಕೆ ಮೆಲ್ಲಗೆ ಸರಿದು, ಕಿಬ್ಬೊಟ್ಟೆಯ ತಳದ ಎಲುಬಿನ ಮೇಲೆ ಕುಳಿತುಕೊಂಡಿತು. ಸೊಂಟದಿಂದ ಇಳಿಸಿದ ಕೊಡ ಸಿಂಬೆ ಕಂಡುಕೊಂಡ ಹಾಗೆ.

"ಕುಂತತಿ, ಅತ್ತಿ," ಎಂದಳು.

"ನನಗ ಗೊತ್ತಾಗೂದಿಲ್ಲೇನು? ನನ್ನ ಹೊಟ್ಟಿ," ಎಂದಳು ನಿಂಬೆವ್ವ. ಆದರೆ ಅವಳ ಕಣ್ಣು ತುಂಬಿತ್ತು. ಮುಂಗೈಯಿಂದ ಒರೆಸಿಕೊಂಡು ಹಣೆಗೆಲ್ಲ ಹಿಟ್ಟು ಮಾಡಿಕೊಂಡಳು. ಸ್ವಲ್ಪ ಹೊತ್ತಿಗೆ ಕೈ ಚಾಚಿದಳು. "ಈಗ ತಿರುವು ಅದನ್ನ. ನಿಂದು ನನಗ ಕೊಡು. ನಿನ್ನೊಳಗ ಏನೈತಿ ನಾನೂ ನೋಡ್ತೀನಿ."

"ನನ್ನದೇನೈತಿ ಅತ್ತಿ? ನಾ ಹಡದಾಕಿ ಅಲ್ಲ."

"ಕೊಡು ಅಂದೆ."

ಪಟ್ಟಿಗಳು ಅದಲುಬದಲಾದವು. ನೀಲಾ ಮತ್ತೆ ಕಟ್ಟೆಗೆ ಆನಿಕೊಂಡು ನಿಂತಳು. ನಿಂಬೆವ್ವ ಕಣ್ಣು ಮುಚ್ಚಿ, ಪಕ್ಕದ ಮನೆಯ ಮಾತಿಗೆ ಕಿವಿಗೊಟ್ಟವಳಂತೆ ಕುಳಿತಳು. ತವೆಯ ಮೇಲಿನ ರೊಟ್ಟಿ ಉಬ್ಬಿ, ಇಳಿದು, ಕರ್ರಗಾಯಿತು. ಅವಳು ಕಣ್ಣು ತೆರೆಯಲಿಲ್ಲ.

"ಭಾರ ಏನಿಲ್ಲ," ಎಂದಳು ಕೊನೆಗೆ. "ಆದ್ರ ಯವ್ವಾ, ನೀ ನಿಂತ ಇಲ್ಲಲ್ಲ. ನಿನ್ನ ಎಲುಬಿನ ಮ್ಯಾಲೆ ನೀ ಇಲ್ಲ. ಗೂಟಕ್ಕ ಸಿಗಸಿದ ಅಂಗಿಯಂಗ ಜೋತಾಡಾಕತ್ತಿ."

ನೀಲಾ ತನ್ನನ್ನು ತಾನು ನೋಡಿಕೊಂಡಳು. ಸೊಂಟ ಮುಂದೆ, ಎದೆ ಹಿಂದೆ ಕುಸಿದು, ಹೊಟ್ಟೆ ಕಡಪಾ ಕಲ್ಲಿನ ಅಂಚಿಗೆ. ದೇಸಾಯಿ ನಿಂತು ತೋರಿಸುತ್ತಿದ್ದ ಹಾಗೇ. ಎಷ್ಟು ದಿನದಿಂದ ಹೀಗೆ ನಿಲ್ಲುತ್ತಿದ್ದಳೋ, ಯಾವ ಪಟ್ಟಿಯೂ ಅವಳಿಗೆ ಹೇಳಿರಲಿಲ್ಲ. ಅವಳು ಯಾವತ್ತೂ ಕೊಡುವ ಪಟ್ಟಿ ಕಟ್ಟಿಕೊಂಡವಳಲ್ಲ.

ನಿಂಬೆವ್ವ ಅಡಿಯಿಂದ ಲುಂಗಿ ಎಳೆದು ತೆಗೆದಳು. ಬಿಡಿಸಿ, ಸುಟ್ಟ ತೂತಿದ್ದ ಅಂಚಿನ ನಡುವೆ ಹಲ್ಲು ಹಚ್ಚಿ, ಎರಡೂ ಕೈಯಿಂದ ಜಗ್ಗಿದಳು. ಹಳೆಯ ಬಟ್ಟೆ, ಪರ್ರನೆ ಹರಿಯಿತು. ನೀಲಾ ಬೇಡ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಎರಡು ತುಂಡಾಗಿತ್ತು. ತನ್ನ ಅರ್ಧವನ್ನು ಮಡಿಚಿ ಅಡಿಗೆ ಹಾಕಿಕೊಂಡು, ಇನ್ನರ್ಧವನ್ನು ಅಷ್ಟೇ ದಪ್ಪಗೆ ಮಡಿಚಿ, ಪಕ್ಕದಲ್ಲಿಟ್ಟು ಅಂಗೈಯಿಂದ ತಟ್ಟಿದಳು.

"ಕುಂದ್ರು ಬಾ."

ನೀಲಾ ಕುಳಿತಳು. ಬೆನ್ನಿನ ಕೆಳಗೆ, ನಡುವಿನ ಕುಳಿಯಲ್ಲಿ, ಹಿಟ್ಟಿನ ಕೈಯೊಂದು ಬಂದು ಮುಂದಕ್ಕೆ ಒತ್ತಿತು. ಬೆಚ್ಚಗಿತ್ತು. ರವಿಕೆಯ ಅಂಚಿನಲ್ಲಿ ಜೋಳದ ಹಿಟ್ಟಿನ ತರಿ ತರಿ ಗೊತ್ತಾಯಿತು. ಎದೆ ತಾನಾಗಿ ಎತ್ತಿಕೊಂಡಿತು, ಮತ್ತು ಎದೆಯೊಳಗೆ ಇಷ್ಟು ದಿನ ಸಿಕ್ಕಿಕೊಂಡಿದ್ದ ಉಸಿರು ಕೆಳಗಿನವರೆಗೂ ಇಳಿಯಿತು.

"ಹ್ಞಾಂ," ಎಂದಳು ನಿಂಬೆವ್ವ, ಒಂದು ಕೈ ತನ್ನ ಕಿಬ್ಬೊಟ್ಟೆಯ ಪಟ್ಟಿಯ ಮೇಲಿಟ್ಟು, ತನ್ನ ಮೈಯಲ್ಲೇ ಸೊಸೆ ಬಂದು ಕುಳಿತದ್ದನ್ನು ಕಂಡು. "ಈಗ ಕುಂತಿ ನೋಡು."

ಪಡಸಾಲೆಯಿಂದ ಯಾರೋ ರೊಟ್ಟಿ ಕೇಳಿದರು. ನಿಂಬೆವ್ವ ಹಿಟ್ಟಿನ ಮುದ್ದೆಯನ್ನು ನೀಲಾಳ ಮುಂದೆ ಸರಿಸಿದಳು. ನೀಲಾ ಬಡಿದದ್ದು ಸೀಳಿತು, ಒಂದು ಕಡೆ ಬಾಲ ಬಂತು, ಅಂಗೈ ಸುಟ್ಟಿತು. ಚುರ್ರೆಂದು ಸುಟ್ಟಿತು.

"ರೊಟ್ಟೀ!" ಎಂದು ಹೊರಗಿನಿಂದ ಮತ್ತೆ ಕೂಗಿದರು.

"ತಡೀರಿ ಒಂಚೂರು," ಎಂದು ನಿಂಬೆವ್ವ ಕೂಗಿ ಹೇಳಿದಳು. "ನಮ್ಮ ಹುಡುಗಿ ಬಡಿಯಾಕತ್ತಾಳ."